ಜಾಕೆಟ್ ಇರುವುದು ಕೂರುವುದಕ್ಕಲ್ಲ

ನಮ್ಮ ಕಡೆ ಸರೋವರಗಳ ಮೇಲಿನ ಮಂಜುಗಡ್ಡೆ ಒಡೆಯಿತು ಅಂದರೆ ಸಾಕು, ಪ್ರತಿ ಮನೆಯ ಊಟದ ಮೇಜಿನ ಮೇಲೂ ಒಂದು ಪಟ್ಟಿ ಹುಟ್ಟಿಕೊಳ್ಳುತ್ತದೆ. ಗಾಳ ಎಷ್ಟು, ಕಾಫಿಪುಡಿ ಎಷ್ಟು, ಸೊಳ್ಳೆಗೆ ಏನು ಮದ್ದು. ರಸ್ತೆ ಮುಗಿದು ಇನ್ನೂ ನೂರು ಮೈಲಿ ಆಚೆ, ಕಾಡಿನ ನಡುವೆ ಮೀನು ಹಿಡಿಯಲು ಹೋಗುವವರ ಪಟ್ಟಿ ಅದು. ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ ಅಲ್ಲಿ ಬಿಟ್ಟು ಬರುತ್ತದೆ, ವಾರ ಕಳೆದ ಮೇಲೆ ಬಂದು ಕರೆದುಕೊಂಡು ಹೋಗುತ್ತದೆ. ನಡುವೆ ನರಪಿಳ್ಳೆಯೂ ಅತ್ತ ಸುಳಿಯುವುದಿಲ್ಲ. ವಿಮಾನಕ್ಕೆ ಇಷ್ಟೇ ತೂಕ ಅಂತ ಕಟ್ಟುಪಾಡು ಇದೆ, ಹಾಗಾಗಿ ಏನು ಇರಲಿ, ಏನು ಬಿಡಲಿ ಅಂತ ಮನೆಮನೆಯಲ್ಲೂ ಜಗಳ.

ಥಂಡರ್ ಬೇ ಊರಿನ ಕೈಸಾಳ ಮನೆಯಲ್ಲೂ ಈ ಜಗಳ ಆಯಿತು. ಕೈಸಾಗೆ ಐವತ್ತೆರಡು, ಬೇಕರಿಯಲ್ಲಿ ಕೆಲಸ. ಅವಳ ಅಪ್ಪ ವೈನೊಗೆ ಎಪ್ಪತ್ತೊಂಬತ್ತು. ಕಾಗದದ ಕಾರ್ಖಾನೆಯಲ್ಲಿ ದುಡಿದು ದಣಿದ ಮನುಷ್ಯ. ಮೂವತ್ತು ವರ್ಷ ಬೇಸಿಗೆ ತಪ್ಪದೆ ಗೆಳೆಯ ಆರ್ವೊ ಜೊತೆ ಮೂರು ದ್ವೀಪದ ಸರೋವರಕ್ಕೆ ಹೋಗುತ್ತಿದ್ದ. ಮೂರು ವರ್ಷದ ಹಿಂದೆ ಆರ್ವೊ ಅದೇ ಸರೋವರದಲ್ಲಿ ತೀರಿಕೊಂಡ. ಆಮೇಲೆ ವೈನೊ ಗಾಳ ಮುಟ್ಟಿರಲಿಲ್ಲ.

ಈ ವರ್ಷ ಅವನೇ ಬಾಯಿಬಿಟ್ಟ. "ಕೈಸಾ, ಒಂದು ಸಲ ಹೋಗಿ ಬರೋಣ ಕಣೆ. ಮುಂದಿನ ವರ್ಷ ಈ ಮಂಡಿ ವಿಮಾನ ಹತ್ತೋ ಹಾಗೆ ಕಾಣ್ತಿಲ್ಲ."

ಅಪ್ಪ ಏನನ್ನಾದರೂ ಬೇಕು ಅಂತ ಕೇಳಿ ಎಷ್ಟು ವರ್ಷವಾಗಿತ್ತೋ. ಕೈಸಾ ಆಯಿತು ಅಂದಳು. ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ ಸ್ವಲ್ಪ ಹೊತ್ತು ಅತ್ತಳು.

ಈಗ ಆ ಪಟ್ಟಿಯ ಮುಂದೆ ಇಬ್ಬರೂ ಕೂತಿದ್ದರು. ಅಪ್ಪ ಪೆನ್ಸಿಲು ಹಿಡಿದು "ತೇಲುವ ಜಾಕೆಟ್, ಎರಡು" ಎಂಬ ಸಾಲಿನ ಮೇಲೆ ಗೀಟು ಎಳೆದ.

"ಯಾಕಪ್ಪಾ ಹೊಡೆದು ಹಾಕ್ದೆ?"

"ಸುಮ್ನೆ ಭಾರ. ಅಲ್ಲಿ ಗುಡಿಸಲಲ್ಲಿ ಹಳೇವು ಬಿದ್ದಿರ್ತವೆ. ಕೂತ್ಕೊಳ್ಳೋಕೆ ಅಷ್ಟು ಸಾಕು."

"ಕೂತ್ಕೊಳ್ಳೋಕಲ್ಲಪ್ಪಾ, ಹಾಕ್ಕೊಳ್ಳೋಕೆ."

"ಅರವತ್ತು ವರ್ಷದಿಂದ ದೋಣೀಲಿ ಕೂತಿದೀನಿ ನಾನು. ಅದನ್ನ ಹಾಕ್ಕೊಂಡು ಗಾಳ ಬಿಡೋನು ಊರು ನೋಡೋಕೆ ಬಂದೋನು. ತಗಡಿನ ಬೆಂಚು ಕುಂಡೆ ಕೊರೀತದೆ, ಅದಕ್ಕಿರೋದು ಅದು."

"ಆರ್ವೊ ಮಾಮನೂ ಹೀಗೇ ಅಂತಿದ್ದ."

ಅಪ್ಪ ಪೆನ್ಸಿಲು ಕೆಳಗಿಟ್ಟ. "ಆರ್ವೊ ಹೋಗಿದ್ದು ಎದೆ ನಿಂತು. ಎದೆ ನಿಂತೋದ್ರೆ ಜಾಕೆಟ್ ಏನು ಮಾಡ್ತದೆ? ಹೆಣ ತೇಲ್ತದೆ, ಅಷ್ಟೆ."

ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಆರ್ವೊನ ಹೆಂಡತಿ ಹಿಲ್ಕಾಳೇ ಎಲ್ಲರಿಗೂ ಹೇಳಿದ್ದಳು.

ಅಪ್ಪ ಇನ್ನೊಂದು ಸಾಲಿಗೂ ಗೀಟು ಹಾಕಿದ. ಅದು ಕಾಲಿನ ಊತಕ್ಕೆ ಡಾಕ್ಟರು ಕೊಟ್ಟ ನೀರಿಳಿಸುವ ಮಾತ್ರೆ.

"ಇದ್ಯಾಕೆ?"

"ಅದನ್ನ ನುಂಗಿದ್ರೆ ಅರ್ಧ ಗಂಟೆಗೊಂದು ಸಲ ಒಂದಕ್ಕೆ ಹೋಗ್ಬೇಕು. ನೀನು ಬೇರೆ ಜೊತೇಲಿರ್ತೀಯ. ಒಂದು ವಾರ ಬಿಟ್ರೆ ಸಾಯಲ್ಲ."

"ಮುಂಚೆ ಏನು ಮಾಡ್ತಿದ್ರಿ?"

"ಗಂಡಸರು ಮಾಡೋದೇ. ಎದ್ದು ನಿಂತ್ಕೊಂಡು, ದೋಣಿ ಅಂಚಿಂದ."

ಕೈಸಾ ಬೇಡಿದಳು, ಬೈದಳು, ತಿಂಡಿ ಮುಂದಿಟ್ಟು ಪೂಸಿ ಹೊಡೆದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಮರುದಿನ ಬೇಕರಿಯಿಂದ ಬರುವಾಗ ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು. ಮಂಡಿ ಸೋತ ಮುದುಕ, ಅಲ್ಲಾಡುವ ದೋಣಿ, ಮಂಜು ಕರಗಿ ಇನ್ನೂ ತಿಂಗಳು ತುಂಬದ ನೀರು. ಅಪ್ಪ ಬೈದುಕೊಂಡೇ ಬದುಕಿರಲಿ ಅಂದುಕೊಂಡು ವಿಮಾನದ ಕಟ್ಟೆಗೆ ಫೋನು ಮಾಡಿದಳು. ಅಲ್ಲಿ ಹೆಸರು ಬರೆದುಕೊಳ್ಳುವುದು, ಸಾಮಾನು ತೂಗುವುದು ಎರಡೂ ಹಿಲ್ಕಾಳ ಕೆಲಸ.

"ಹಿಲ್ಕಾ ಅತ್ತೇ, ನಮ್ಮಿಬ್ಬರ ಹೆಸರು ತೆಗೆದುಬಿಡು."

"ಯಾಕೆ ಮಗಳೆ? ನಿಮ್ಮಪ್ಪ ಮೊನ್ನೆ ಕುಣಿದಾಡ್ತಿದ್ದ."

ಕೈಸಾ ನಡೆದದ್ದನ್ನೆಲ್ಲ ಹೇಳಿದಳು. ಜಾಕೆಟ್ಟು, ಮಾತ್ರೆ, ಎದ್ದು ನಿಲ್ಲುವುದು. ಆರ್ವೊ ಮಾಮ ಹೋಗಿದ್ದು ಎದೆ ನಿಂತು ಅಂತ ಅಪ್ಪ ವಾದಿಸಿದ್ದನ್ನೂ ಹೇಳಿದಳು.

"ಹೆಸರು ಹಾಗೇ ಇರಲಿ," ಅಂದಳು ಹಿಲ್ಕಾ. "ಶನಿವಾರ ಮಧ್ಯಾಹ್ನ ಕಾಫಿಗೆ ಬರ್ತೀನಿ."

ಶನಿವಾರ ಬಂದಳು. ವೈನೊ ಆಗಷ್ಟೇ ಸೌನಾದ ಬಿಸಿಯಲ್ಲಿ ಬೆವರಿ, ಮಿಂದು, ಟವೆಲು ಹೆಗಲಿಗೆ ಹಾಕಿಕೊಂಡು ಕೆಂಪಗೆ ಕೂತಿದ್ದ.

"ಏನು ಹಿಲ್ಕಾ, ನನ್ನ ತೂಕ ಹಾಕೋಕೆ ಬಂದ್ಯಾ?"

"ನಿನ್ನ ತಲೆ ತೂಕ ಹಾಕೋಣ ಅಂತ. ಒಳಗೇನಾದ್ರೂ ಇದ್ರೆ."

ವೈನೊ ನಕ್ಕ. ಕೈಸಾ ಕಾಫಿ ಬಗ್ಗಿಸಿ, ಏಲಕ್ಕಿ ಹಾಕಿದ ಬನ್ನು ತಟ್ಟೆಗೆ ಹಾಕಿ ಒಳಗೆ ಹೊರಟಳು. "ನೀನೂ ಕೂತ್ಕೋ," ಅಂದಳು ಹಿಲ್ಕಾ. ಬನ್ನು ಮುಟ್ಟಲಿಲ್ಲ. ಎರಡೂ ಕೈ ಮೇಜಿನ ಮೇಲಿಟ್ಟುಕೊಂಡು ಹೇಳಿದಳು.

"ವೈನೊ, ಆರ್ವೊ ಎದೆ ನಿಂತು ಸಾಯಲಿಲ್ಲ."

"ಏನಂದೆ?"

"ಡಾಕ್ಟರು ಕೊಯ್ದು ನೋಡಿದ್ರು. ಆ ವಯಸ್ಸಿಗೆ ಎದೆ ಗಟ್ಟಿಮುಟ್ಟಾಗಿತ್ತಂತೆ. ಮುಳುಗಿ ಸತ್ತ. ಅವನನ್ನ ಎತ್ತಿದಾಗ ಪ್ಯಾಂಟಿನ ಜಿಪ್ಪು ತೆರೆದಿತ್ತು. ಎದ್ದು ನಿಂತಿದ್ದಾನೆ, ದೋಣಿ ವಾಲಿದೆ, ಬಿದ್ದಿದ್ದಾನೆ. ಅಷ್ಟೇ ನಡೆದದ್ದು. ಇಂಥ ಸಾವು ನಮಗೆ ಹೊಸದಲ್ಲಮ್ಮ ಅಂದ್ರು ಪೊಲೀಸಿನವರು."

ವೈನೊನ ಮುಖದ ಕೆಂಪು ಇಳಿಯಿತು. "ಮತ್ತೆ ನೀನು ಯಾಕೆ ಹಾಗೆ ಹೇಳ್ದೆ?"

"ಹೇಗೆ ಹೇಳ್ಲಿ ಹೇಳು. ನಲವತ್ತಾರು ವರ್ಷ ನನ್ನ ಜೊತೆ ಬಾಳಿದವನು. ಚರ್ಚಿನಲ್ಲಿ ಎಲ್ಲರೂ ತಲೆ ತಗ್ಗಿಸಿ ನಿಂತಿದ್ರು. ನಿಜ ಹೇಳಿದ್ರೆ ಅದೇ ಜನ ಸಂಜೆ ಕ್ಲಬ್ಬಲ್ಲಿ ಕೂತು, ಉಚ್ಚೆ ಹುಯ್ಯೋಕೆ ಹೋಗಿ ಸತ್ತ ಅಂತ ನಗ್ತಿದ್ರು. ಎದೆ ಅಂದ್ರೆ ಯಾರೂ ನಗಲ್ಲ. ಅವನ ಮಾನ ಉಳಿಸಿದೆ ಅಂದ್ಕೊಂಡೆ. ಆ ಸುಳ್ಳನ್ನೇ ಹಿಡ್ಕೊಂಡು ನೀನು ನೀರಿಗೆ ಹೊರಟಿದೀಯ ಅಂತ ಮೊನ್ನೆ ಕೈಸಾ ಹೇಳಿದಾಗ್ಲೇ ಗೊತ್ತಾಗಿದ್ದು."

ವೈನೊ ಬಾಯಿ ತೆರೆದಾಗ ಅದು ಅಪ್ಪನ ದನಿ ಅಂತಲೇ ಕೈಸಾಗೆ ಅನ್ನಿಸಲಿಲ್ಲ.

"ಆವತ್ತು ನನಗೆ ಮಂಡಿ ನೋವು. ಗುಡಿಸಲಲ್ಲೇ ಉಳಿದೆ. ಬೆಂಚು ತಣ್ಣಗೆ ಕೊರೀತದೆ ಅಂದ ಅವನು. ನನ್ನ ಜಾಕೆಟ್ಟೂ ತಗೊಂಡು ಹೋಗು, ಬೆಂಚಿನ ಮೇಲೆ ಒಂದರ ಮೇಲೊಂದು ಇಟ್ಕೊಂಡು ಕೂತ್ಕೋ ಅಂತ ನಾನೇ ಕೊಟ್ಟೆ. ನಾನೇ ಕೊಟ್ಟೆ ಹಿಲ್ಕಾ."

"ಗೊತ್ತು. ದೋಣಿ ಸಿಕ್ಕಾಗ ಎರಡೂ ಬೆಂಚಿನ ಮೇಲೇ ಇದ್ವು. ಒದ್ದೆ ಕೂಡ ಆಗಿರ್ಲಿಲ್ಲ."

ಕೈಸಾಳ ಅಮ್ಮ ತೀರಿಹೋದ ದಿನ ವೈನೊ ಎದ್ದು ಹಿತ್ತಿಲಿಗೆ ಹೋಗಿ ಕತ್ತಲಾಗುವ ತನಕ ಸೌದೆ ಒಡೆದಿದ್ದ. ಇವತ್ತು ಎದ್ದು ಹೋಗಲಿಲ್ಲ. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಇಬ್ಬರು ಹೆಂಗಸರ ಎದುರೇ ಅತ್ತ. ಕೈಸಾಗೆ ಅಪ್ಪನ ಬೆನ್ನು ಸವರಬೇಕು ಅನ್ನಿಸಿತು, ಸವರಿದಳು. ಮೂಳೆ ಕೈಗೆ ಸಿಕ್ಕಿತು.

"ನಿನ್ನನ್ನ ಅಳಿಸೋಕೆ ಬರಲಿಲ್ಲ ನಾನು," ಅಂದಳು ಹಿಲ್ಕಾ. ಅವಳ ಕಣ್ಣೂ ತುಂಬಿತ್ತು. "ತಪ್ಪು ನಿನ್ನದೊಬ್ಬನದಲ್ಲ. ನಾನೂ ಅವನಿಗೆ ಹಾಕ್ಕೋ ಅಂತ ಒಂದು ದಿನ ಹೇಳಿದವಳಲ್ಲ."

ವೈನೊ ಮೂಗು ಒರೆಸಿಕೊಂಡ. "ಆದ್ರೆ ಅವನು ಈಜುಗಾರ. ಈ ಊರಲ್ಲಿ ಅವನಷ್ಟು ಈಜೋರು ಯಾರಿದ್ರು?"

"ಆ ನೀರಲ್ಲಿ ಈಜು ಕೆಲಸಕ್ಕೆ ಬರಲ್ಲ ಕಣೋ. ಬಿದ್ದ ತಕ್ಷಣ ಚಳಿಗೆ ಉಸಿರು ತಾನಾಗೇ ಎಳ್ಕೊಳ್ತದೆ, ಬೇಡ ಅಂದ್ರೂ ನಿಲ್ಲಲ್ಲ. ಬಾಯಿ ನೀರೊಳಗಿದ್ರೆ ನೀರೇ ಒಳಗೆ ಹೋಗ್ತದೆ. ಅದೊಂದು ನಿಮಿಷ ದಾಟಿದ್ರೆ ಹತ್ತು ನಿಮಿಷ ಕೈಕಾಲು ಮಾತು ಕೇಳ್ತವೆ. ಆಮೇಲೆ ಬೆರಳು ಮಡಚೋಕೂ ಆಗಲ್ಲ. ಜಾಕೆಟ್ ಮೈಮೇಲಿದ್ರೆ ಆ ಮೊದಲ ನಿಮಿಷ ಬಾಯಿ ನೀರಿಂದ ಮೇಲಿರ್ತದೆ."

"ಬಿದ್ದ ಮೇಲೆ ಎಳ್ಕೊಂಡು ಹಾಕ್ಕೊಂಡ್ರೆ?"

"ಇಲ್ಲೇ ಈ ಕುರ್ಚಿ ಮೇಲೆ, ಬಿಸಿ ಮೈಯಲ್ಲಿ, ನೀನು ಅದರ ಬಕ್ಕಲು ಹಾಕೋಕೆ ಎಷ್ಟು ಹೊತ್ತು ಬೇಕು ನೋಡು. ಆಮೇಲೆ ಮಾತಾಡು."

ಕೈಸಾ ಹೊಸ ಜಾಕೆಟ್ ತಂದುಕೊಟ್ಟಳು. ವೈನೊ ಮೂರು ಬಕ್ಕಲಿಗೂ ತಡಕಾಡಿದ. ಎರಡನೆಯದಕ್ಕೇ ಉಸ್ಸಪ್ಪಾ ಅಂದ. ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

"ಸರಿ, ಒಂದಕ್ಕೆ ಬಂದ್ರೆ ಏನು ಮಾಡ್ಲಿ?"

"ದಡ ಹತ್ತಿರ ಇದ್ರೆ ದಡಕ್ಕೆ ಹೋಗು. ಇಲ್ದಿದ್ರೆ ಅಗಲ ಬಾಯಿನ ಡಬ್ಬ ಒಂದು ದೋಣೀಲಿಟ್ಕೋ. ಕೂತೇ ಮಾಡು. ಏನಾದ್ರೂ ಆಗ್ಲಿ, ಎದ್ದು ಮಾತ್ರ ನಿಲ್ಲಬೇಡ."

"ಮಗಳ ಎದುರು ಡಬ್ಬದಲ್ಲಾ?"

"ಮಗಳು ಆ ಕಡೆ ನೋಡ್ತಾಳೆ. ನಿನ್ನ ಹೆಣ ನೋಡೋದಕ್ಕಿಂತ ಅದು ವಾಸಿ. ನಾನು ನೋಡಿದೀನಿ, ಅದಕ್ಕೇ ಹೇಳ್ತಿದೀನಿ." ಹಿಲ್ಕಾ ಪಟ್ಟಿಯನ್ನು ತನ್ನ ಕಡೆ ಎಳೆದುಕೊಂಡು ಮಾತ್ರೆಯ ಸಾಲನ್ನು ಬೆರಳಿಂದ ತೋರಿಸಿದಳು. "ಇದನ್ನೂ ನಿನ್ನಿಷ್ಟಕ್ಕೆ ಬಿಡೋ ಹಾಗಿಲ್ಲ. ಬಿಟ್ರೆ ಉಸಿರಾಟಕ್ಕೇ ತೊಂದರೆ ಬಂದೀತು, ಅಲ್ಲಿ ಡಾಕ್ಟರು ಎಲ್ಲಿಂದ ಬರ್ತಾರೆ? ಯಾವ ಹೊತ್ತಿಗೆ ತಗೊಂಡ್ರೆ ಒಳ್ಳೇದು ಅಂತ ಹೋಗೋ ಮೊದಲೇ ಕೇಳ್ಕೊಂಡು ಬಾ."

"ತೂಕ ಜಾಸ್ತಿಯಾದ್ರೆ?"

"ಬಿಯರು ಇಳಿಸು."

ವೈನೊ ಅವಳನ್ನು ಒಂದು ಸಲ ನೋಡಿದ. ಪೆನ್ಸಿಲು ತೆಗೆದುಕೊಂಡು ಬಿಯರಿನ ಸಾಲಿಗೆ ಗೀಟು ಎಳೆದ. ಜಾಕೆಟ್ಟನ್ನೂ ಮಾತ್ರೆಯನ್ನೂ ಕೆಳಗೆ ಮತ್ತೆ ಬರೆದ.

ಮಂಗಳವಾರ ಡಾಕ್ಟರ ಬಳಿ ಹೋದರು. ಅವರು ಮಾತ್ರೆ ಬಿಡಿಸಲಿಲ್ಲ, ದೋಣಿಯಿಂದ ಬಂದ ಮೇಲೆ ನುಂಗುವ ಹಾಗೆ ಹೊತ್ತು ಬದಲಿಸಿದರು. ಜೂನ್ ಮೊದಲ ವಾರ ಅಪ್ಪ ಮಗಳು ಹಾರಿದರು.

ಮೊದಲ ದಿನ ಬೆಳಿಗ್ಗೆ ಕೈಸಾ ಹೇಳಬೇಕಾಗಲಿಲ್ಲ. ದೋಣಿಗೆ ಕಾಲಿಡುವ ಮೊದಲೇ ವೈನೊ ಜಾಕೆಟ್ ಹಾಕಿಕೊಂಡು ನಿಂತಿದ್ದ, ಬಕ್ಕಲು ಬಿಗಿದಿದೆಯಾ ನೋಡು ಅಂತ ಎದೆ ಮುಂದೆ ಮಾಡಿದ. ಚಿಕ್ಕಂದಿನಲ್ಲಿ ಅವಳ ಕೋಟಿನ ಗುಂಡಿ ಹಾಕುತ್ತಿದ್ದವನು ಅವನು. ಕೈಸಾ ಜಾಕೆಟ್ಟಿನ ಪಟ್ಟಿ ಎಳೆದು ನೋಡಿದಳು.

ಎರಡನೇ ದ್ವೀಪದ ಪಕ್ಕ ಒಂದು ಕೊಲ್ಲಿ ಇದೆ, ಗುಡಿಸಲಿನ ದಡದಿಂದ ಕಾಣುವಷ್ಟು ಹತ್ತಿರ. ಅಲ್ಲಿ ವೈನೊ ಯಂತ್ರ ನಿಲ್ಲಿಸು ಅಂದ.

"ಇಲ್ಲೇ ಅವನ ದೋಣಿ ಒಂದೇ ಸಮ ಸುತ್ತು ಹೊಡೀತಿತ್ತು. ಯಂತ್ರ ಓಡ್ತಾನೇ ಇತ್ತು. ನಾನು ದಡದಿಂದ ನೋಡಿ, ಏನೋ ಆಟ ಆಡ್ತಿದಾನೆ ಅಂದ್ಕೊಂಡೆ."

ಇಬ್ಬರೂ ಗಾಳ ಬಿಡದೆ ಕೂತರು. ಗಾಳಿ ದೋಣಿಯನ್ನು ಮೆಲ್ಲಗೆ ತಳ್ಳುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಅಪ್ಪ ಕೆಮ್ಮಿದ.

"ಕೈಸಾ, ಆ ಕಡೆ ನೋಡು."

ಅವಳು ತಿರುಗಿ ಆಚೆ ದಡದ ಮರಗಳನ್ನು ನೋಡುತ್ತಾ ಕೂತಳು. ಹಿಂದೆ ಡಬ್ಬದ ಸದ್ದು ಕೇಳಿಸಿತು. ದೋಣಿ ಒಂದಿಷ್ಟೂ ಅಲುಗಲಿಲ್ಲ.

"ಆಯ್ತು," ಅಂದ ಅಪ್ಪ. ಅವಳು ತಿರುಗಿದಾಗ ಅವನು ಕೂತ ಜಾಗದಲ್ಲೇ ಕೂತಿದ್ದ. ಕೆನ್ನೆ ಒದ್ದೆಯಾಗಿತ್ತು. "ಇಷ್ಟೇ ಕಣೆ ಕೆಲಸ. ಅರ್ಧ ನಿಮಿಷ. ಇಷ್ಟಕ್ಕೇ ಹೋದ ನೋಡು ಅವನು."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ನೀರಿಗೆ ಹೋಗುವ ಹಿರಿಯರು ಇರಬಹುದು. ದೋಣಿ ಹತ್ತುವ ಮೊದಲೇ ಜಾಕೆಟ್ ಮೈಮೇಲೆ ಬರಲಿ, ಬಕ್ಕಲು ಬಿಗಿಯಲಿ. ದೋಣಿಯಲ್ಲಿ ಒಂದು ಡಬ್ಬ ಇರಲಿ, ಯಾರೂ ಎದ್ದು ನಿಲ್ಲುವುದು ಬೇಡ. ಮಾತ್ರೆ ಬಿಡುವುದು, ಹೊತ್ತು ಬದಲಿಸುವುದು ಏನಿದ್ದರೂ ಡಾಕ್ಟರನ್ನು ಕೇಳಿ. ಅಪ್ಪನ ಹತ್ತಿರ ಇಂಥದ್ದನ್ನೆಲ್ಲ ಹೇಗೆ ಮಾತಾಡುವುದು ಅಂತ ಸಂಕೋಚಪಡಬೇಡಿ. ನಿಮ್ಮವರು ಯಾರಾದರೂ ಹೀಗೆ ಹೋಗಿದ್ದರೆ ಹೇಗೆ ಹೋದರು ಅಂತ ಮುಚ್ಚಿಡಬೇಡಿ, ಉಳಿದವರಿಗೆ ಹೇಳಿ.

ಆರ್ವೊನ ಹೆಸರು ಹಾಕಿ ಇದನ್ನು ಅಚ್ಚು ಮಾಡಿಸಬಹುದೇ ಅಂತ ನಾವು ಹಿಲ್ಕಾಳನ್ನು ಕೇಳಿದೆವು. ಅವಳು ಹೇಳಿದಳು, "ಹಾಕಿ. ಓದಿದವರು ನಗ್ಲಿ ಬೇಕಾದ್ರೆ. ನಕ್ಕು, ಜಾಕೆಟ್ ಹಾಕ್ಕೊಳ್ಲಿ."