ಹಳದಿ ಅಂಗಿಯವರ ಸಾಲು

"ಭಾವ, ನೀವ್ಯಾಕೆ ಬಂದ್ರಿ?"

ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಕಾಸ್ತುಲೊ ಹಾಗೇ ನಿಂತ. ನಗರಸಭೆಯವರು ಎಲ್ಲರಿಗೂ ಹಂಚಿದ್ದ ಹಳದಿ ಅಂಗಿ ಅವನ ಹೊಟ್ಟೆಗೆ ಬಿಗಿಯಾಗಿತ್ತು. "ಊರೇ ಹೊರಟಿದೆಯಲ್ಲ ಒಫೇಲಿಯಾ. ನಾನೂ ಈ ಊರವನೇ ತಾನೆ?"

ಒಫೇಲಿಯಾ ಮೊದಲ ಸೀಟಿನಲ್ಲಿ ತಮಾಲೆ ತುಂಬಿದ ದೊಡ್ಡ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮುಸುಕಿನ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಆ ಕಡುಬುಗಳ ಬಿಸಿ ಇನ್ನೂ ಆರಿರಲಿಲ್ಲ. ಅವಳು ದನಿ ತಗ್ಗಿಸಿದಳು.

"ದಮ್ಮಯ್ಯ, ಇಳೀರಿ. ಅಕ್ಕ ಅಲ್ಲಿಗೆ ಬರ್ತಾಳೆ."

"ಗೊತ್ತು. ಮೊನ್ನೆ ಅಡಿಗೆಮನೇಲಿ ನೀನೇ ಹೇಳ್ತಿದ್ದೆಯಲ್ಲ, ಕೇಳಿಸ್ಕೊಂಡೆ. ಅದಕ್ಕೇ ಬಂದೆ."

ಹಿಂದೆ ನಿಂತಿದ್ದ ಮೇಯರ್ ನೆಸ್ಟರ್ ಮಾಗ್ಸಿನೊಗೆ ಅವಸರವಾಗಿತ್ತು. "ಬಾಗಿಲಲ್ಲೇ ಏನ್ರೀ ನಿಮ್ಮ ಮನೆ ಪಂಚಾಯ್ತಿ? ಹತ್ತಿ ಹತ್ತಿ. ಇವತ್ತು ತಲೆ ಎಷ್ಟಿದ್ರೂ ಬೇಕು ನಂಗೆ" ಎಂದು ಕಾಸ್ತುಲೊನ ಬೆನ್ನು ತಟ್ಟಿ ಒಳಗೆ ದಬ್ಬಿದ. ಕಾಸ್ತುಲೊ ಒಫೇಲಿಯಾಳ ಮುಖ ನೋಡದೆ ಹಿಂದಿನ ಸೀಟುಗಳ ಕಡೆ ನಡೆದುಬಿಟ್ಟ.

ಲಾಸ್ ಒಲ್ಮೋಸ್ ಎಂಬ ಆ ಊರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ಬೆವರು ಬರುವುದಿಲ್ಲ. ಸುತ್ತ ದೊಡ್ಡ ಊರುಗಳು, ನಡುವೆ ಇದು. ಕಾರ್ಖಾನೆಯಿಲ್ಲ, ಹೇಳಿಕೊಳ್ಳುವಂಥ ಪೇಟೆಯಿಲ್ಲ. ಇರುವುದು ಹೆದ್ದಾರಿಯ ಪಕ್ಕದಲ್ಲಿ ಒಂದು ಇಸ್ಪೀಟು ಕ್ಲಬ್ಬು. ಅದು ಕಟ್ಟುವ ತೆರಿಗೆಯಿಂದಲೇ ಬೀದಿದೀಪ ಉರಿಯುತ್ತಿತ್ತು, ಪೊಲೀಸರಿಗೆ ಸಂಬಳವಾಗುತ್ತಿತ್ತು, ಪಾರ್ಕಿನ ಹಾಲ್‌ನಲ್ಲಿ ಮುದುಕರಿಗೆ ಮಧ್ಯಾಹ್ನದ ಊಟ ನಡೆಯುತ್ತಿತ್ತು. ಆ ಊಟದ ಮನೆಯ ಯಜಮಾನಿಕೆ ಒಫೇಲಿಯಾಳದು.

ಕಷ್ಟವೆಂದರೆ ಸರ್ಕಾರದ ಕಾನೂನು ಒಂದು ಕಡೆ ನಿಲ್ಲುತ್ತಿರಲಿಲ್ಲ. ಒಂದು ವರ್ಷ ಸರಿಯಾಗಿದ್ದ ಆಟ ಮುಂದಿನ ವರ್ಷ ತಪ್ಪಾಗುತ್ತಿತ್ತು, ಕೋರ್ಟಿಗೆ ಹೋದರೆ ಮತ್ತೆ ಸರಿಯಾಗುತ್ತಿತ್ತು. ಹಾಗೆ ಒಮ್ಮೆ ತಪ್ಪಾದಾಗ ಆರು ತಿಂಗಳು ಮೇಜುಗಳು ಖಾಲಿ ಬಿದ್ದು ಊಟದ ಮನೆ ವಾರಕ್ಕೆ ಮೂರೇ ದಿನ ತೆರೆಯಿತು. ಮುಚ್ಚಿದ ದಿನಗಳಲ್ಲೂ ಮುದುಕರು ಅಭ್ಯಾಸಬಲದಿಂದ ಬಂದು ಬಾಗಿಲು ಅಲ್ಲಾಡಿಸಿ ಹೋಗುತ್ತಿದ್ದರು. ಈಗ ಹತ್ತು ವರ್ಷ ಮುಟ್ಟಬಾರದಂಥ ಒಂದು ಕಾನೂನು ಮಾಡಿ ಎಂದು ನಗರಸಭೆ ಪಟ್ಟು ಹಿಡಿದಿತ್ತು. ಮಸೂದೆ ಶಾಸನಸಭೆಯ ಸಮಿತಿಯ ಮುಂದೆ ಬರುವ ದಿನ ಊರವರನ್ನೆಲ್ಲ ರಾಜಧಾನಿ ಸ್ಯಾಕ್ರಮೆಂಟೊಗೆ ಕರೆದೊಯ್ಯುವುದು ಮೇಯರನ ಯೋಜನೆ. "ಮದುವೆ ಆಗ್ತೀನಿ ಅಂತಾನೂ ಅನ್ನಲ್ಲ, ಆಗಲ್ಲ ಅಂತಾನೂ ಅನ್ನಲ್ಲ. ಅಂಥ ಗಂಡಿನ ಹಿಂದೆ ಎಷ್ಟು ದಿನ ಅಲೆಯೋದು?" ಎಂದು ಸಭೆಗಳಲ್ಲಿ ಸರ್ಕಾರದ ಬಗ್ಗೆ ಹೇಳಿ ನಗಿಸುತ್ತಿದ್ದ.

ಒಫೇಲಿಯಾಳ ಅಕ್ಕ ಸೊರೈದಾ ಆ ಕ್ಲಬ್ಬಿನ ದೆಸೆಯಿಂದಲೇ ಊರು ಬಿಟ್ಟವಳು. ಅವಳ ಗಂಡ ಕಾಸ್ತುಲೊ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವುದರಲ್ಲಿ ಹೆಸರುವಾಸಿ. ಮೊದಮೊದಲು ಕೆಲಸ ಮುಗಿಸಿ ಒಂದು ಗಂಟೆ ಆಡಿ ಬರುತ್ತಿದ್ದವನು ಕೊನೆಕೊನೆಗೆ ಕೆಲಸಕ್ಕೇ ಹೋಗದಾದ. ಅಂಗಡಿ ಹೋಯಿತು, ಮನೆ ಬ್ಯಾಂಕಿನ ಪಾಲಾಯಿತು. ಸೊರೈದಾ ಬಟ್ಟೆ ಗಂಟು ಕಟ್ಟಿಕೊಂಡು ಸ್ಟಾಕ್ಟನ್ನಿಗೆ ಹೋಗಿ, ಚರ್ಚಿನವರು ನಡೆಸುವ ಶಿಶುವಿಹಾರದಲ್ಲಿ ಕೆಲಸಕ್ಕೆ ಸೇರಿದಳು. ಭಾನುವಾರ ತಪ್ಪದೆ ತಂಗಿಗೆ ಫೋನ್ ಮಾಡುವಳು. ಆದರೆ ಮೊದಲ ಸಲವೇ ಕರಾರು ಹಾಕಿದ್ದಳು: "ಅವನ ಹೆಸರೆತ್ತಿದ್ರೆ ಫೋನ್ ಇಟ್ಟುಬಿಡ್ತೀನಿ."

ಒಫೇಲಿಯಾ ಹೆಸರೆತ್ತಲಿಲ್ಲ. ಕಾಸ್ತುಲೊ ಒಂದು ದಿನ ಮುದುಕರ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗಲೂ ಎತ್ತಲಿಲ್ಲ. ಆಟ ಬಿಟ್ಟಿದ್ದೇನೆ, ಒಳಗೆ ಬಿಡಬೇಡಿ ಎಂದು ಕ್ಲಬ್ಬಿಗೆ ತಾನೇ ಬರೆದುಕೊಟ್ಟಿದ್ದೇನೆ ಎಂದ. ಅವಳು ತಟ್ಟೆಗೆ ಅನ್ನ, ಕಾಳು ಬಡಿಸಿದಳು. ಅಲ್ಲಿಂದ ಎರಡು ವರ್ಷ ಅವನು ಕಿಟಕಿಯ ಪಕ್ಕದ ಮೇಜಿನಲ್ಲಿ ಊಟ ಮಾಡಿಕೊಂಡು, ಹಾಲ್‌ನ ಹರಿದ ಕುರ್ಚಿಗಳಿಗೆ ಬಟ್ಟೆ ಹಾಕಿಕೊಡುತ್ತ ಇದ್ದ. ಹೋದ ಭಾನುವಾರ ಸೊರೈದಾ ಫೋನಿನಲ್ಲಿ, "ನಮ್ಮ ಚರ್ಚಿನ ಹೆಂಗಸರೂ ಬರ್ತಿದೀವಿ, ಬೇಡ ಅಂತ ಹೇಳೋಕೆ. ಬೇಜಾರು ಮಾಡ್ಕೋಬೇಡ ಕಣೇ. ನಿನ್ನ ಮಾತು ನೀನು ಹೇಳು, ನನ್ನದು ನಾನು ಹೇಳ್ತೀನಿ" ಎಂದಾಗ ಒಫೇಲಿಯಾ ನಕ್ಕು ಒಪ್ಪಿದ್ದಳು. ಭಾವನೂ ಹೊರಡುತ್ತಾನೆಂದು ಅವಳಿಗೇನು ಗೊತ್ತಿತ್ತು?

ದಾರಿಯಲ್ಲಿ ಬಾದಾಮಿ ತೋಟಗಳ ನಡುವೆ ಬಸ್ಸು ಕಾಫಿಗೆ ನಿಂತಾಗ ಅವಳು ಅವನನ್ನು ಹಿಡಿದಳು.

"ಅವಳ ಕಣ್ಣಿಗೆ ಬಿದ್ದು ಏನು ಮಾಡ್ತೀರಿ? ಕಾಲಿಗೆ ಬೀಳ್ತೀರಾ?"

"ಬೀಳಲ್ಲ. ಬಿದ್ರೆ ಏಳೋಕಾಗಲ್ಲ, ಮಂಡಿ ಹಿಡ್ಕೊಂಡಿದೆ."

"ತಮಾಷೆ ಬೇಡ ಭಾವ. ನಾನು ನಿಮಗೆ ಊಟ ಹಾಕ್ತಿರೋದು ಅವಳಿಗೆ ಗೊತ್ತಿಲ್ಲ."

ಕಾಸ್ತುಲೊ ಲೋಟದಲ್ಲಿದ್ದ ಕಾಫಿಯನ್ನು ನೋಡುತ್ತ ನಿಂತ. "ನಿನ್ನ ಹೆಸರು ಹೇಳಲ್ಲ ಬಿಡು. ನಾನು ಬೇರೆ ಒಂದು ಹೇಳೋದಿದೆ" ಎಂದ. ಏನು ಎಂದು ಕೇಳುವಷ್ಟರಲ್ಲಿ ಮೇಯರ್ ಎಲ್ಲರನ್ನೂ ಬಸ್ಸಿಗೆ ಕರೆದ.

ಸಮಿತಿಯ ಕೋಣೆ ತಣ್ಣಗಿತ್ತು. ಹಳದಿ ಅಂಗಿಯವರು ಒಂದು ಗೋಡೆಗೆ, ಬಿಳಿ ಅಂಗಿಯ ಚರ್ಚಿನ ಹೆಂಗಸರು ಇನ್ನೊಂದು ಗೋಡೆಗೆ ಸಾಲಾಗಿ ನಿಂತರು. ಸೊರೈದಾ ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು. ತಂಗಿಯನ್ನು ಕಂಡು ಕೈಯೆತ್ತಿದಳು. ಆಮೇಲೆ ತಂಗಿಯ ಹಿಂದೆ ನಿಂತವನನ್ನು ಕಂಡಳು. ಎತ್ತಿದ ಕೈ ಹಾಗೇ ಕುತ್ತಿಗೆಯ ಹತ್ತಿರ ಹೋಗಿ ಅಂಗಿಯ ಕಾಲರ್ ಸರಿಮಾಡಿತು. ಮತ್ತೆ ಈಚೆ ನೋಡಲಿಲ್ಲ.

ವಕೀಲರು ಮಾತಾಡಿದರು, ಮೇಯರ್ ಮಾತಾಡಿದ. ಬಳಿಕ ಅಧ್ಯಕ್ಷೆ ಕನ್ನಡಕ ತೆಗೆದು, "ಇನ್ನು ಊರವರು. ಹೆಸರು, ಊರು, ಪರವೋ ವಿರುದ್ಧವೋ, ಅಷ್ಟೇ ಹೇಳಿ. ಭಾಷಣ ಬೇಡ" ಎಂದಳು. ಒಫೇಲಿಯಾ ಒಂದು ವಾರದಿಂದ ಬಾಯಿಪಾಠ ಮಾಡಿದ್ದಳು: ಮುಚ್ಚಿದ ಬಾಗಿಲು ಅಲ್ಲಾಡಿಸುವ ಮುದುಕರ ಬಗ್ಗೆ, ಹೆಂಡತಿ ಸತ್ತ ಮೇಲೆ ಹಾಲ್‌ಗೆ ಬಂದು ಮಾತಾಡಲು ಕಲಿತ ಮುದುಕನೊಬ್ಬನ ಬಗ್ಗೆ. ಮೈಕಿನ ಮುಂದೆ ಬಂದಾಗ "ಒಫೇಲಿಯಾ ಬರಾಗನ್, ಲಾಸ್ ಒಲ್ಮೋಸ್, ಪರ" ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದಳು. ಇಷ್ಟಕ್ಕೆ ಇಷ್ಟು ದೂರ ಬಂದೆನೇ ಅನ್ನಿಸಿತು.

ಅವಳ ಹಿಂದೆಯೇ ಕಾಸ್ತುಲೊ. "ಕಾಸ್ತುಲೊ ರೆಂತೆರಿಯಾ. ಲಾಸ್ ಒಲ್ಮೋಸ್. ಪರ." ಹೇಳಿದವನು ಅಲ್ಲಾಡಲಿಲ್ಲ. "ನಾನು ಆ ಕ್ಲಬ್ಬಲ್ಲೇ ಮನೆ ಕಳ್ಕೊಂಡೋನು."

"ದಯವಿಟ್ಟು ಮುಂದಿನವರಿಗೆ ಬಿಡಿ" ಎಂದಳು ಅಧ್ಯಕ್ಷೆ.

"ಮುಗಿಸ್ಬಿಡ್ತೀನಿ ತಾಯಿ. ನನ್ನ ಒಳಗೆ ಬಿಡಬೇಡಿ ಅಂತ ಅವರಿಗೆ ನಾನೇ ಬರ್ಕೊಟ್ಟಿದೀನಿ. ಬಿಡಲ್ಲ ಅವರು. ಒಂದ್ಸಲ ಬಾಗಿಲವರೆಗೆ ಹೋದೆ, ಹೆಸರು ಹಿಡಿದು ಕರೆದು ವಾಪಸ್ ಕಳಿಸಿದ್ರು. ಆಮೇಲೆ ನೀವು ಆ ಆಟ ನಿಲ್ಲಿಸಿದ್ರಿ. ನಮ್ಮ ಬೀದೀಲೇ ಗ್ಯಾರೇಜುಗಳಲ್ಲಿ ಶುರುವಾಯ್ತು. ಗ್ಯಾರೇಜಿನವನಿಗೆ ಏನಂತ ಬರ್ಕೊಡ್ಲಿ? ಅಲ್ಲಿ ಹೋಗಿ ಆಡಿದೆ ನಾನು. ಆ ಆರು ತಿಂಗಳೂ ಆಡಿದೆ."

ಮೇಯರ್ ಹಣೆ ಒತ್ತಿಕೊಂಡ. ಒಫೇಲಿಯಾ ಅವನತ್ತ ತಿರುಗಿದಳು. ಆ ಆರು ತಿಂಗಳು ಅವಳು ದಿನ ಬಿಟ್ಟು ದಿನ ಅವನಿಗೆ ಬಡಿಸಿದ್ದಳು. ಊಟ ಹೇಗಿತ್ತು ಅಂದರೆ ಚೆನ್ನಾಗಿತ್ತು ಅನ್ನುತ್ತಿದ್ದ. ಆಟದ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ.

"ಈಗ ಮತ್ತೆ ಬಿಟ್ಟಿದೀನಿ" ಎಂದ ಕಾಸ್ತುಲೊ, ಅಧ್ಯಕ್ಷೆಗಲ್ಲ, ಎದುರಿನ ಗೋಡೆಯ ಕಡೆ ತಿರುಗಿ. "ಆಟ ಇರೋದು ಇರ್ಲಿ, ಬೆಳಕಲ್ಲಿರ್ಲಿ. ಅಷ್ಟೇ." ಕುಂಟುತ್ತ ಬಂದು ಗೋಡೆಗೊರಗಿದ.

ಬಿಳಿ ಅಂಗಿಯವರ ಸರದಿ ಬಂತು. ಒಬ್ಬೊಬ್ಬರೇ ಹೆಸರು, ಊರು ಹೇಳಿ ಸರಿಯುತ್ತ ಹೋದರು. ಸೊರೈದಾ ಮೈಕಿನ ಹತ್ತಿರ ಬಾಗಿದಳು. ದಪ್ಪ ದನಿ ಅವಳದು, ಮೈಕು ಬೇಕಿರಲಿಲ್ಲ.

"ಸೊರೈದಾ ಬರಾಗನ್. ಸ್ಟಾಕ್ಟನ್. ವಿರುದ್ಧ." "ಆಗ ಮಾತಾಡಿದ್ರಲ್ಲ, ಅಂಗಿ ಹಿಡಿಸದೇ ಇರೋರು, ಅವರು ನನ್ನ ಗಂಡ."

ಯಾರೋ ಕಿಸಕ್ಕೆಂದರು. ಅಧ್ಯಕ್ಷೆ ಈ ಸಲ ತಡೆಯಲಿಲ್ಲ.

"ಅವರು ಹೇಳಿದ್ದು ಸುಳ್ಳಿರಲಾರದು. ಸುಳ್ಳು ಹೇಳುವಾಗ ಅವರು ಇಷ್ಟು ಮಾತಾಡಲ್ಲ. ಆದ್ರೂ ನಾನು ವಿರುದ್ಧಾನೇ. ಆ ಕ್ಲಬ್ಬಿನ ಬಾಗಿಲಲ್ಲಿ ನಿಂತು ನಾನು ಬೇಡ್ಕೊಂಡಾಗ ಯಾರೂ ಕೇಳ್ಲಿಲ್ಲ. ಆಡೋರೇ ಬರ್ಕೊಡಬೇಕು ಅಂದ್ರು."

ಊಟದ ಹೊತ್ತಿಗೆ ಎಲ್ಲ ಮುಗಿಯಿತು. ಸಮಿತಿ ಮತ ಹಾಕಲಿಲ್ಲ. ಇನ್ನಷ್ಟು ಅಧ್ಯಯನವಾಗಲಿ, ಮುಂದಿನ ವರ್ಷ ನೋಡೋಣ ಎಂದಿತು. ಹೊರಗಿನ ಹುಲ್ಲಿನ ಮೇಲೆ ಮೇಯರ್ ಟೈ ಬಿಚ್ಚಿ ಜೇಬಿಗೆ ತುರುಕಿ, ತಮಾಲೆ ಸಿಪ್ಪೆ ಸುಲಿಯುತ್ತ ಕೂತ. "ಹೋದ ವರ್ಷಾನೂ ಇದನ್ನೇ ಅಂದಿದ್ರು. ಜೂನ್‌ವರೆಗಿನ ದುಡ್ಡು ಬಂದಿದೆ, ಊಟಕ್ಕೆ ತೊಂದ್ರೆ ಇಲ್ಲ ಒಫೇಲಿಯಾ. ಆಮೇಲಿನದು ನನ್ನ ಕೇಳ್ಬೇಡ."

ಅವಳು ಉತ್ತರ ಕೊಡುವ ಮೊದಲೇ ಸೊರೈದಾ ಎದುರಿಗೆ ಬಂದು ನಿಂತಳು. ಅಪ್ಪಿಕೊಳ್ಳಲಿಲ್ಲ.

"ನಿನ್ನ ಊಟದ ಮನೇಲೇ ಊಟ ಅಲ್ವಾ ಅವರದು? ಆ ಹಳದಿ ಅಂಗಿ ಹೊಟ್ಟೇಲಿ ಬಿಗಿದಿರೋದು ನೋಡೇ ಗೊತ್ತಾಯ್ತು. ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತಕ್ಕ. ಹೆಸರೆತ್ತಬೇಡ ಅಂದಿದ್ದೆಯಲ್ಲ."

"ಹೆಸರೆತ್ತಬೇಡ ಅಂದ್ರೆ ಇದಾನೋ ಸತ್ತನೋ ಅನ್ನೋದನ್ನೂ ಹೇಳಬೇಡ ಅಂತಾನೇನೇ?" ಸೊರೈದಾಳ ದನಿಗೆ ಪಾರಿವಾಳಗಳು ಎದ್ದು ಆಚೆ ಕೂತವು. "ಎಲ್ಲೋ ಬಿದ್ದಿರ್ತಾನೆ ಅಂದ್ಕೊಂಡು ಎಷ್ಟು ರಾತ್ರಿ…"

"ಮತ್ತೆ ಆಡಿದ್ದು ನನಗೂ ಗೊತ್ತಿರಲಿಲ್ಲ ಅಕ್ಕ. ದೇವರಾಣೆ. ಇವತ್ತೇ ಕೇಳಿದ್ದು."

"ನಿನಗೆ ಹೇಗೆ ಗೊತ್ತಾಗುತ್ತೆ? ಜೊತೇಲಿ ಮಲಗಿದ್ದೋಳು ನಾನು, ನನಗೇ ಗೊತ್ತಾಗ್ಲಿಲ್ಲ." ಪಾತ್ರೆಯೊಳಗೆ ಇಣುಕಿದಳು. "ಸಕ್ಕರೆ ಕಾಯಿಲೆ ಅವರಿಗೆ. ಇದನ್ನೇ ಹಾಕ್ತೀಯಾ ದಿನಾ? ಮೂಟೆ ಆಗಿದಾರೆ."

"ದಿನಾ ಕಾಳು, ಸೊಪ್ಪು. ಇದು ಇವತ್ತಿಗೆ."

"ನಿನ್ನ ಊಟದ ಮನೆ ಮುಚ್ಚಲಿ ಅಂತ ಅಲ್ಲ ಕಣೇ ನಾನು ಹೇಳಿದ್ದು."

"ಕ್ಲಬ್ಬು ಮುಚ್ಚಿದ್ರೆ ಅದೂ ಮುಚ್ಚುತ್ತೆ ಅಕ್ಕ."

"ಗೊತ್ತು" ಎಂದಳು ಸೊರೈದಾ. "ಗೊತ್ತಿದ್ದೇ ಹೇಳಿದೆ." ಆಮೇಲೆ ಅವಳು ತಂಗಿಯ ತೋಳಿಗೆ ಅಂಟಿದ್ದ ಜೋಳದ ನಾರನ್ನು ತೆಗೆದು ಎಸೆದು, ಮರದ ಕೆಳಗಿನ ಬೆಂಚಿನ ಕಡೆ ನಡೆದಳು. ಕಾಸ್ತುಲೊ ಅಲ್ಲಿ ಕಾಲು ಚಾಚಿಕೊಂಡು ಒಬ್ಬನೇ ಕೂತಿದ್ದ. ಅವಳು ಬರುವುದನ್ನು ಕಂಡು ಏಳಲು ಹೋದ. ಅವಳು ಬೇಡವೆಂದು ಕೈಸನ್ನೆ ಮಾಡಿ, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ನಡುವೆ ಇನ್ನೊಬ್ಬರು ಧಾರಾಳವಾಗಿ ಕೂರುವಷ್ಟು ಜಾಗವಿತ್ತು.

ಮೇಯರ್ ತಲೆ ಎಣಿಸಲು ಶುರುಮಾಡಿದ. ಹಳದಿ ಅಂಗಿಯವರು ಒಬ್ಬೊಬ್ಬರಾಗಿ ಬಸ್ಸು ಹತ್ತಿದರು. ಬೆಂಚಿನ ಮೇಲೆ ಮೊದಲು ಸೊರೈದಾ ಮಾತಾಡುತ್ತಿದ್ದಳು, ಕೈಯಾಡಿಸಿ ಜೋರಾಗಿ. ಆಮೇಲೆ ಅವನು. ಮಾತು ಇಲ್ಲಿಗೆ ಕೇಳಿಸುತ್ತಿರಲಿಲ್ಲ.

ಡ್ರೈವರು ಬಸ್ಸು ಶುರುಮಾಡಿ ಹಾರ್ನಿಗೆ ಕೈಯಿಟ್ಟ. ಒಫೇಲಿಯಾ ಅವನ ಕಿಟಕಿಯ ಕೆಳಗೆ ಬಂದು, "ಸ್ವಲ್ಪ ತಡೀರಿ" ಎಂದಳು.

"ಸಂಜೆ ಟ್ರಾಫಿಕ್ಕಿಗೆ ಸಿಕ್ಕಿಹಾಕ್ಕೋತೀವಿ ಕಣಮ್ಮ."

ಅವಳು ಬೆಂಚಿನ ಕಡೆಯಿಂದ ಕಣ್ಣು ತೆಗೆಯಲಿಲ್ಲ. ಡ್ರೈವರು ಅವಳು ನೋಡುತ್ತಿದ್ದ ಕಡೆ ನೋಡಿದ. ಒಂದು ಗಳಿಗೆ ಬಿಟ್ಟು ಕೀಲಿ ತಿರುಗಿಸಿ ಎಂಜಿನ್ ಆರಿಸಿದ.