ಎರಡು ಮೀಡಿಯಂ ನಡುವಿನ ಹಲಗೆ

ನಾನು ಹುಟ್ಟಿದಾಗ ನನಗಿದ್ದದ್ದು ಒಂದೇ ಮುಖ. ಮೌನೇಶ ಬಡಿಗೇರ ದಪ್ಪ ಪ್ಲೈವುಡ್ ಹಾಳೆಯೊಂದನ್ನು ಚೌಕಟ್ಟಿಗೆ ಹೊಡೆದು, ಒಂದು ಮಗ್ಗುಲಿಗೆ ನೀಲಿ ಬಣ್ಣ ಬಳಿದ. ಇನ್ನೊಂದನ್ನು ಯಾರು ನೋಡುತ್ತಾರೆಂದು ಹಾಗೆಯೇ ಬಿಟ್ಟ.

ಮೊದಲು ನಾನು ನಿಂತದ್ದು ಲೇಡೀಸ್ ಟೇಲರ್ ಅಂಗಡಿಯಲ್ಲಿ, ಕುಪ್ಪಸ ತೊಟ್ಟು ನೋಡುವ ಮೂಲೆಗೆ ಮರೆಯಾಗಿ. ನನ್ನ ಮುಂದೆ ನಿಂತು "ಚಲೋ ಹೊಲದೀರಿ" ಎನ್ನುತ್ತಿದ್ದ ಹೆಂಗಸರೇ ನನ್ನ ಹಿಂದೆ ಬಂದು ತೋಳು ಜಗ್ಗಿಕೊಂಡು ನಿಟ್ಟುಸಿರು ಬಿಡುತ್ತಿದ್ದರು. ಯಾವುದು ಅವರ ನಿಜವಾದ ಮಾತು ಎಂದು ನನಗೆ ಆಗಲೂ ತಿಳಿಯುತ್ತಿರಲಿಲ್ಲ. ಅಂಗಡಿ ಮುಚ್ಚಿದ ದಿನ ನನ್ನಲ್ಲಿದ್ದ ಸೀರೆ ತೂಗುಹಾಕುವ ಕೊಕ್ಕೆಯನ್ನು ಕಿತ್ತುಕೊಂಡರು. ಬೆರಳು ತೂರುವಷ್ಟು ತೂತು ಉಳಿಯಿತು. ನನ್ನನ್ನು ಪಕ್ಕದ ಸರಕಾರಿ ಶಾಲೆಗೆ ಕೊಟ್ಟರು.

ನಮ್ಮದು ಮೆಣಸಿನಕಾಯಿ ಪೇಟೆಯ ಊರು. ಆ ವರ್ಷ ಶಾಲೆಗೆ ಇಂಗ್ಲಿಷ್ ಮೀಡಿಯಂ ಬಂದಿತ್ತು, ಅದೂ ಹೊಸದಾಗಿ ಒಂದನೇ ತರಗತಿಗೆ ಸೇರುವವರಿಗೆ ಮಾತ್ರ. ಮೀಡಿಯಂ ಬಂತೇ ಹೊರತು ಅದರ ಜೊತೆ ಖೋಲಿ ಬರಲಿಲ್ಲ. ಹಾಗಾಗಿ ಉದ್ದನೆಯ ಖೋಲಿಯ ನಡುವೆ ನನ್ನನ್ನು ನಿಲ್ಲಿಸಿದರು. ನೀಲಿ ಮಗ್ಗುಲಿಗೆ ಇಂಗ್ಲಿಷ್, ಬರಿ ಮಗ್ಗುಲಿಗೆ ಕನ್ನಡ. ಈ ಕಡೆಯ ಮಕ್ಕಳು ನನ್ನನ್ನು "ಇಂಗ್ಲಿಷ್ ಗ್ವಾಡಿ" ಎಂದರು, ಆ ಕಡೆಯವು "ಕನ್ನಡ ಗ್ವಾಡಿ" ಎಂದವು. ಒಂದು ಕಿವಿಗೆ ಮೂರೆರಡ್ಲೆ ಆರು, ಇನ್ನೊಂದಕ್ಕೆ ತ್ರೀ ಟೂಸ್ ಆರ್ ಸಿಕ್ಸ್. ಎರಡೂ ಕೂಡಿ ಹನ್ನೆರಡೋ ಏನೋ ಎಂದು ನಾನು ಗೊಂದಲದಲ್ಲಿ ನಿಲ್ಲುತ್ತಿದ್ದೆ.

ನೀಲವ್ವನ ಮಕ್ಕಳು ನನ್ನ ಎರಡೂ ಕಡೆ ಇದ್ದರು. ಅವಳು ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವಳು. ಚಿಕ್ಕವಳು ಸಿಂಚನಾ ಇಂಗ್ಲಿಷಿನಲ್ಲಿ, ದೊಡ್ಡವಳು ಚೈತ್ರಾ ಕನ್ನಡದಲ್ಲಿ. "ನಾ ಮೊದಲ ಹುಟ್ಟಿದ್ದ ತಪ್ಪೇನಬೇ?" ಎಂದು ಚೈತ್ರಾ ಒಮ್ಮೆ ಅವ್ವನನ್ನು ಕೇಳಿದ್ದಳು. ನೀಲವ್ವ ನಕ್ಕು ಅವಳ ಜಡೆ ಬಿಗಿದಳು. ಆಮೇಲೆ ಚೈತ್ರಾ ಕೇಳಲಿಲ್ಲ. ತೂತಿನ ಪಕ್ಕದ ಜಾಗ ಹಿಡಿದು ಕೂತಳು. ತನ್ನ ಲೆಕ್ಕ ಬೇಗ ಮುಗಿಸಿ, ತೂತಿಗೆ ಕಿವಿ ಇಟ್ಟು, ಆ ಕಡೆಯ ಟೀಚರ್ ಹೇಳಿದ್ದನ್ನೆಲ್ಲ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು. ಎರಡು ವರ್ಷ ಅವಳ ಬಿಸಿಯುಸಿರು ನನಗೆ ತಾಗಿದೆ. ಇದು ಅವಳಿಗೆ ಗೊತ್ತು, ನನಗೆ ಗೊತ್ತು, ಮತ್ತೊಬ್ಬರಿಗಿಲ್ಲ.

ಅಷ್ಟರಲ್ಲಿ ಸುದ್ದಿ ಬಂತು: ಇಂಗ್ಲಿಷ್ ವಿಭಾಗವನ್ನು ರೈಲ್ವೆ ಗೇಟಿನ ಆಚೆಯ ಶಾಲೆಗೆ ಒಯ್ಯಬೇಕು. ಅಲ್ಲಿ ಖೋಲಿಗಳು ಖಾಲಿ ಇವೆ, ಇಂಗ್ಲಿಷ್ ಇಲ್ಲ. ಪಾಲಕರನ್ನು ಕೇಳಿ ನಿರ್ಧರಿಸಬೇಕಂತೆ. ಮಕ್ಕಳನ್ನು ಬಯಲಿಗೆ ಕಳಿಸಿ, ನನ್ನನ್ನು ಗೋಡೆಗೆ ಆನಿಸಿ, ಅದೇ ಖೋಲಿಯಲ್ಲಿ ಸಭೆ ಕೂಡಿಸಿದರು.

ಹೊಸ ಕಾಲೊನಿಯಿಂದ ಆಟೋದಲ್ಲಿ ಮಕ್ಕಳನ್ನು ಕಳಿಸುವ ಅಪ್ಪನೊಬ್ಬ ಎದ್ದ. "ಗೇಟ್ ಬಿದ್ರ ಅರ್ಧ ತಾಸ ನಿಲ್ಲಬೇಕ್ರಿ. ಸಣ್ಣ ಹುಡುಗ್ರು ಹೆಂಗ ದಾಟ್ತಾವ?"

ಗೇಟಿನ ಆಚೆಯ ಜೈತುನಬಿ, ಈ ಶಾಲೆಯ ಪಾಲಕಳಲ್ಲದಿದ್ದರೂ ಸುದ್ದಿ ಕೇಳಿ ಬಂದು, ಬಾಗಿಲಲ್ಲೇ ನಿಂತಿದ್ದಳು. ಅವಳೂ ನೀಲವ್ವನೂ ಒಂದೇ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುವವರು. "ನಮ್ಮವು ದಾಟಲಾರದ ಆ ಕಡೇನ ಉಳದಾವಲ್ಲರಿ ಸಾಹೇಬ್ರ. ಅವೇನ ಹುಟ್ಟತಾನ ದೊಡ್ಡವು ಏನ್ರಿ?" ಎಂದಳು. ಹೆಂಗಸರೆಲ್ಲ ನಕ್ಕರು.

"ನಮ್ಮ ಶಾಲಿಗೆ ಬಂದದ್ದನ್ನ ನಾವ್ಯಾಕ ಬಿಡೂನು?" ಎಂದಿತು ಒಂದು ದನಿ.

"ಬಂದು ನಮ್ಮ ಓಣಿಗೇನ ಸಿಕ್ತಬೇ? ಅರ್ಧ ಖೋಲಿ ಹೋತು, ಅಷ್ಟ," ಎಂದಿತು ಇನ್ನೊಂದು.

ಯಾರು ಮಾತಾಡಿದರೂ ನನಗೆ ಅವರದೇ ಸರಿ ಅನ್ನಿಸುತ್ತಿತ್ತು. ಮುಂದಿನವರು ಬಾಯಿ ತೆರೆಯುವ ತನಕ.

ಶಾಲೆಯ ಹೆಡ್ ಅಕ್ಕೋರು ಕೈ ಎತ್ತಿಸಿದರು. ಹೋಗಲಿ ಎನ್ನುವವರು ಎತ್ತಿದಾಗ ನೀಲವ್ವ ಎತ್ತಿದಳು. ಇಲ್ಲೇ ಇರಲಿ ಎನ್ನುವವರು ಎತ್ತಿದಾಗಲೂ ಎತ್ತಿದಳು.

"ಎರಡೂ ಸಲ ಎತ್ತಿದ್ರ ಹೆಂಗ, ನೀಲವ್ವ?"

"ನನಗ ಎರಡೂ ಕಡೆ ಮಕ್ಕಳದಾರ್ರಿ ಅಕ್ಕೋರ."

"ಹಂಗ ನಡಿಯೂದಿಲ್ಲ. ಒಂದ ಹೇಳು. ಎರಡೂ ಕಡೆ ಸಮ ಆಗೇತಿ. ನಿನ್ನ ಕೈಮ್ಯಾಲೆ ನಿಂತೇತಿ."

ನೀಲವ್ವ ಜೈತುನಬಿಯತ್ತ ನೋಡಿದಳು. ಗೇಟಿನ ತನಕ ಸಿಂಚನಾಳನ್ನು ತಾನು ಬಿಟ್ಟರೆ ಮುಂದೆ ಜೈತುನಬಿ ಕರೆದೊಯ್ಯಬಹುದು. ಜೈತುನಬಿಯ ಮಗಳಿಗೂ ಇಂಗ್ಲಿಷ್ ಸಿಗುತ್ತದೆ. ಚೈತ್ರಾಳಿಗೆ ಇಡೀ ಖೋಲಿ ಸಿಗುತ್ತದೆ. ಎಲ್ಲರಿಗೂ ಒಂದಿಷ್ಟು ಸಿಗುವ ಲೆಕ್ಕ ಅವಳ ಮುಖದಲ್ಲಿ ನನಗೆ ಕಾಣುತ್ತಿತ್ತು. ಆ ಲೆಕ್ಕದಲ್ಲಿ ನನ್ನ ತೂತು ಇರಲಿಲ್ಲ. ಹೇಳಲು ನನಗೆ ಬಾಯಿಲ್ಲ. ಇದ್ದಿದ್ದರೂ ಏನು ಹೇಳುತ್ತಿದ್ದೆನೋ! ಬಾಗಿಲಲ್ಲಿ ಜೈತುನಬಿ ಇನ್ನೂ ನಿಂತೇ ಇದ್ದಳು.

"ಹೋಗ್ಲಿ ಬಿಡ್ರಿ," ಎಂದಳು ನೀಲವ್ವ.

ಈಗ ನನಗೆ ಮಗ್ಗುಲುಗಳಿಲ್ಲ. ಪಡಸಾಲೆಯ ಕೊನೆಯಲ್ಲಿ ಇಟ್ಟಿಗೆಗಳ ಮೇಲೆ ನನ್ನನ್ನು ಅಡ್ಡ ಮಲಗಿಸಿದ್ದಾರೆ. ಯಾರು ಬೇಕಾದರೂ ಕೂರುತ್ತಾರೆ. ಸಂಜೆ ನೀಲವ್ವ ಪೇಟೆಯಿಂದ ನೇರವಾಗಿ ಬಂದು, ಚೈತ್ರಾಳ ಜೊತೆ ನನ್ನ ಮೇಲೆ ಕೂತು, ಚಿಕ್ಕವಳನ್ನು ಕಾಯುತ್ತಾಳೆ. ಸಿಂಚನಾ ಬಂದ ಕೂಡಲೇ ಚೈತ್ರಾ ಕೇಳುತ್ತಾಳೆ: "ಇವತ್ತೇನ ಹೇಳಿದ್ರು?" ಮೊದಮೊದಲು ಅವಳು ಹೇಳುತ್ತಿದ್ದಳು. ನಿನ್ನೆ "ಮರತೇನಿ, ನೀರಡಿಕಿ ಆಗೇತಿ" ಎಂದು ನಲ್ಲಿಯತ್ತ ಓಡಿದಳು.

ಚೈತ್ರಾ ನನ್ನ ತೂತಿಗೆ ಬೆರಳು ತೂರಿಸುತ್ತ ಅವ್ವನ ಕಡೆ ತಿರುಗಿದಳು.

"ಅವತ್ತ ಎರಡ ಸಲ ಕೈ ಎತ್ತಿದ್ದೆಂತಲ್ಲಬೇ. ನನಗಂತ ಎತ್ತಿದ್ದು ಯಾವುದು?"

"ಮೊದಲನೇದು. ನಿನಗ ಇಡೀ ಖೋಲಿ ಸಿಗಲಂತ."

"ಖೋಲಿ ಯಾರ ಕೇಳಿದ್ರು?"

ನೀಲವ್ವ ಮಗಳ ಮುಖ ನೋಡಿದಳು. ಏನೋ ಅರ್ಥವಾದಂತೆ, ಏನೂ ಅರ್ಥವಾಗದಂತೆ. ಚೈತ್ರಾಳ ತುಂಬಿ ಬಂದ ಕಣ್ಣು ಒರೆಸಲು ಅವಳು ಎತ್ತಿದ ಕೈ, ಬೆರಳಲ್ಲಿ ಇನ್ನೂ ಖಾರ ಇದೆಯೆಂದು ನೆನಪಾಗಿ, ಅರ್ಧಕ್ಕೇ ನಿಂತಿತು.