ಗುಂಡಿಯಿಲ್ಲದ ಗಡಿಯಾರ

ಯುಗಗಳನ್ನು ಜಪಸರದ ಮಣಿಗಳಂತೆ ಉರುಳಿಸುತ್ತ, ಒಂದು ಮಣಿಯನ್ನೂ ಯಾರ ಮುಲಾಜಿಗೂ ತಡೆದು ಹಿಡಿಯದ ಮಹಾಕಾಲನಿಗೆ ಮೊದಲ ನಮಸ್ಕಾರ. ಕರವೀರವೆಂಬ ಕೊಲ್ಹಾಪುರದಲ್ಲಿ ನೆಲೆನಿಂತ ತಾಯಿಗೆ ಎರಡನೆಯದು. ವರ್ಷದ ನಿಯತ ದಿನಗಳಂದು ಅಸ್ತಮಾನದ ಸೂರ್ಯನೇ ಆಕೆಯ ಗುಡಿಯೊಳಗೆ ನಡೆದು ಬಂದು ಪಾದ ಮುಟ್ಟುತ್ತಾನೆ. ಬರುವುದಾದರೆ ಹೊತ್ತಿಗೆ ಸರಿಯಾಗಿ ಬರುತ್ತಾನೆ; ಆತನಿಗಾಗಿ ದೇವಿ ಆರತಿ ತಡೆದಳೆಂದು ಯಾರೂ ಹೇಳಿದ್ದಿಲ್ಲ. ಸೂರ್ಯನಿಗೇ ಇಲ್ಲದ ರಿಯಾಯಿತಿ ಮನುಷ್ಯನಿಗೆ ಬೇಕಾದಾಗ ಏನಾಯಿತೆಂಬುದೇ ಈ ಕಥೆ.

ಇಚಲಕರಂಜಿಗೆ ಅಂಟಿಕೊಂಡ ಕಬನೂರಿನಲ್ಲಿ ದಾದಾಸಾಹೇಬನೆಂಬ ನೇಕಾರನಿದ್ದ. ಮೂವತ್ತೈದು ವರ್ಷ ಪವರ್‌ಲೂಮಿನ ಸದ್ದಿನಲ್ಲಿ ಬಾಳಿದವನ ಮೂತ್ರಪಿಂಡಗಳು ಈಚೆಗೆ ಕೈಬಿಟ್ಟಿದ್ದವು. ವಾರಕ್ಕೆ ಮೂರು ಸಲ ಕೊಲ್ಹಾಪುರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಕಿರಿಯ ಮಗಳು ದೀಪಾಲಿಯ ಲಗ್ನಕ್ಕೆ ಕೂಡಿಬಂದ ದಿನವೂ ಅಂಥದೇ ಒಂದು ದಿನ. ಅಕ್ಷತೆಯ ಮುಹೂರ್ತ ಹನ್ನೆರಡು ಮೂವತ್ತೊಂದಕ್ಕೆ; ಆಸ್ಪತ್ರೆಯ ಯಂತ್ರ ಸಿಗುವುದು ಎರಡೂವರೆಗೆ. ಒಂದು ಗಂಟೆಗೆ ಕಬನೂರು ಬಿಟ್ಟರೆ ಸಾಕಿತ್ತು. ಹೊತ್ತಿಗೆ ಸರಿಯಾಗಿ ಅಕ್ಷತೆ ಬಿದ್ದರೆ ತಂದೆಯ ಕೈಯಿಂದಲೂ ನಾಲ್ಕು ಕಾಳು ಬೀಳುತ್ತವೆ, ಇಲ್ಲವಾದರೆ ಇಲ್ಲ.

ಹಿರಿಯ ಮಗಳು ಕಾಂಚನಳಿಗೆ ಈ 'ಇಲ್ಲವಾದರೆ' ಎಂಬುದರ ಪೂರ್ಣ ಅರ್ಥ ಗೊತ್ತಿತ್ತು. ಆರು ವರ್ಷದ ಹಿಂದೆ ಅವಳ ಲಗ್ನಕ್ಕೆ ಒಬ್ಬ ಪುಢಾರಿ ಬರುವವರಿದ್ದರು. ಅವರು ಬರುವ ತನಕ ಯಾರೋ ಲಗ್ನ ನಡೆಯುವ ಮಂಗಲ ಕಾರ್ಯಾಲಯದ ಗೋಡೆಗಡಿಯಾರದ ಸೆಲ್ ಕಿತ್ತಿಟ್ಟರು. ಮಾಲೆ ಹಿಡಿದು ಒಂದು ತಾಸು ನಲವತ್ತು ನಿಮಿಷ ನಿಂತವಳ ಕಣ್ಣೆದುರು ಮುಳ್ಳುಗಳು ಮಾತ್ರ ಹನ್ನೆರಡಕ್ಕೆ ಐದು ಕಮ್ಮಿ ಎಂದೇ ಸಾಧಿಸುತ್ತಿದ್ದವು. ಅದನ್ನು ಅವಳು ಮರೆತಿರಲಿಲ್ಲ.

ಯಡ್ರಾವದ ಕಾರ್ಖಾನೆಯೊಂದರಲ್ಲಿ ಮಗ್ಗಗಳ ಎಲೆಕ್ಟ್ರಾನಿಕ್ ಬೋರ್ಡು ರಿಪೇರಿ ಮಾಡುವ ಕೈ ಅವಳದು. ಲಗ್ನಕ್ಕೆ ಎರಡು ತಿಂಗಳಿರುವಾಗ ಹೆಬ್ಬೆರಳಿನಷ್ಟು ಅಗಲದ ಒಂದು ಮೈಕ್ರೋಕಂಟ್ರೋಲರ್ ಚಿಪ್ ತಂದಳು. ಉಪಗ್ರಹಗಳಿಂದ ಇಳಿದುಬರುವ ರೇಡಿಯೋ ಅಲೆಯಲ್ಲಿ ಹೊತ್ತನ್ನು ಓದಬಲ್ಲ ರಿಸೀವರ್ ಒಂದನ್ನು ಅದಕ್ಕೆ ಬೆಸೆದಳು. ಪ್ಲೈವುಡ್ಡಿನ ಪೆಟ್ಟಿಗೆಯಲ್ಲಿ ಗೇಣುದ್ದದ ಕೆಂಪು ಅಂಕಿಗಳನ್ನು ಕೂರಿಸಿ, ಪಕ್ಕಕ್ಕೆ ಅಜ್ಜನ ಕಾಲದ ಜಾಗಟೆಯನ್ನು ತೂಗುಹಾಕಿ, ಹೇಳಿದ ನಿಮಿಷಕ್ಕೆ ತಾನಾಗಿ ಬಾರಿಸುವ ಪುಟ್ಟ ಸುತ್ತಿಗೆ ಜೋಡಿಸಿದಳು.

ಮೊದಲ ಸಲ ಹಚ್ಚಿದಾಗ ನಡುಹಗಲು ಹನ್ನೆರಡಕ್ಕೆ ಅಂಕಿಗಳು ಆರೂವರೆ ತೋರಿಸಿದವು.

"ಯಾವೂರಿನ ಹೊತ್ತವಾ ಇದು?" ಎಂದ ದಾದಾಸಾಹೇಬ.

"ಲಂಡನ್ ಕಡೀದಪ್ಪಾ. ಐದೂವರೆ ತಾಸು ಕೂಡಸೂದು ಮರ್ತೇನಿ."

"ಹಂಗಾರ ಇಂಗ್ರೇಜಿಯವ್ರು ಅಜೂನ ನಮ್ಮ ಮನಿ ಬಿಟ್ಟು ಹೋಗಿಲ್ಲ ಅನ್ನು!"

ನಕ್ಕು ನಕ್ಕು ದಣಿದವನು ಪೆಟ್ಟಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಹೊತ್ತು ತಿದ್ದೂ ಗುಂಡಿ ಎಲ್ಲೈತಿ?"

"ಇಟ್ಟಿಲ್ಲ."

"ಯಾಕ?"

"ಇಟ್ರ ಯಾರರ ಒತ್ತತಾರ."

ಲಗ್ನದ ದಿನ ಕಾಂಚನ ಬೆಳಗಿನಲ್ಲೇ ಕಾರ್ಯಾಲಯದ ತಗಡಿನ ಮಾಡಿನ ಮೇಲೆ ಆಂಟೆನಾ ಇಟ್ಟು, ಕಿಟಕಿಯಿಂದ ತಂತಿ ಇಳಿಸಿ, ಗಡಿಯಾರವನ್ನು ವೇದಿಕೆಯ ಮಗ್ಗುಲಿಗೆ ನಿಲ್ಲಿಸಿದಳು. ಹನ್ನೆರಡೂ ಇಪ್ಪತ್ತಕ್ಕೆ ವಧೂವರರು ಎದುರುಬದುರಾಗಿ ನಿಂತರು. ನಡುವೆ ಅಂತರಪಟ ಏರಿತು. ಮುಂದಿನ ಸಾಲಿನ ಕುರ್ಚಿಯಲ್ಲಿ ದಾದಾಸಾಹೇಬ ಅಕ್ಷತೆಯನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದ.

ಆಗ ವರ ನಿಲೇಶನ ಸೋದರಮಾವ, ಗಡಹಿಂಗ್ಲಜದ ಗುತ್ತಿಗೆದಾರ ಅಲ್ಲಪ್ಪ, ಫೋನು ಕಿವಿಗೊತ್ತಿಕೊಂಡೇ ವೇದಿಕೆಯೇರಿದ. "ಅಯ್ಯಾರ, ಜರಾ ಥಾಂಬಾ, ತಡೀರಿ. ನಮ್ಮ ಎಮ್ಮೆಲ್ಲೆ ಸಾಹೇಬ್ರು ನಿಪ್ಪಾಣಿ ದಾಟ್ಯಾರ. ಅವ್ರ ಕೈಲಿ ಅಕ್ಕಿಕಾಳು ಬೀಳಲಿಲ್ಲಂದ್ರ ನನ್ನ ಮಾನ ಏನ್ ಉಳೀತು? ಮುಹೂರ್ತ ಅಜೂನ ದೂರ ಐತಿ ತಗೋರಿ," ಎಂದು ಗೋಡೆಯತ್ತ ಕೈ ತೋರಿದ. ಕಾರ್ಯಾಲಯದ ಗಡಿಯಾರ ಹನ್ನೊಂದೂ ಐವತ್ತಕ್ಕೆ ನಿಂತಿತ್ತು. ಅದರ ಸೆಲ್ ಯಾರ ಜೇಬಿನಲ್ಲಿದೆಯೆಂದು ಕಾಂಚನ ಕೇಳಲಿಲ್ಲ. ಪುರೋಹಿತ ಚೆನ್ನಯ್ಯಸ್ವಾಮಿಗಳು ತಲೆ ತಗ್ಗಿಸಿದರು. ಆದರೆ ಸಭೆಯ ಕಣ್ಣೆಲ್ಲ ಕೆಂಪು ಅಂಕಿಗಳ ಮೇಲಿತ್ತು: ಹನ್ನೆರಡೂ ಇಪ್ಪತ್ತಾರು.

"ಇದನ್ನ ಒಂದ್ ತಾಸು ಹಿಂದಕ್ಕ ಒಯ್ಯವಾ," ಎಂದ ಅಲ್ಲಪ್ಪ ಕಾಂಚನಳಿಗೆ.

"ಬರೂದಿಲ್ರಿ ಮಾಮಾ. ಗುಂಡಿನ ಇಲ್ಲ."

"ಗುಂಡಿ ಇಲ್ದ ಗಡಿಯಾರ ಎಲ್ಲಿದು? ಒಂದ್ ಸಲ ಕರೆಂಟ್ ಹೋದ್ರ ಎಂಥಾ ಗಡಿಯಾರನೂ ಸೊನ್ನಿಗೆ ಬರ್ತೈತಿ," ಎಂದವನೇ ಪ್ಲಗ್ಗು ಕಿತ್ತ. ಅಂಕಿಗಳು ಆರಿದವು. ಅಲ್ಲಪ್ಪ ಸಭೆಯತ್ತ ತಿರುಗಿ ಮುಗುಳ್ನಕ್ಕು, ಸಾವಕಾಶವಾಗಿ ಮತ್ತೆ ಚುಚ್ಚಿದ. ಅಂಕಿಯ ಜಾಗದಲ್ಲಿ ನಾಲ್ಕು ಅಡ್ಡಗೆರೆಗಳು ಮಾತ್ರ ಮೂಡಿದವು.

ಕಾಂಚನ ಮಾಡಿನಿಂದ ಇಳಿದ ತಂತಿಯತ್ತ ಕಣ್ಣೆತ್ತಿದಳು. ಹೊಸದಾಗಿ ಎಚ್ಚೆತ್ತ ರಿಸೀವರಿಗೆ ಆಕಾಶವನ್ನು ಹುಡುಕಲು ಅರ್ಧ ನಿಮಿಷ ಬೇಕು; ಮೇಲೆ ಪಾರಿವಾಳವೊಂದು ಆಂಟೆನಾ ಕೆಡವಿದ್ದರೆ ಎಷ್ಟು ಹೊತ್ತಾದರೂ ಸಾಲದು. ತಂದೆಯತ್ತ ನೋಡಿದಳು. ಆತ ಗಡಿಯಾರವನ್ನು ನೋಡುತ್ತಿರಲಿಲ್ಲ, ಅವಳನ್ನೇ ನೋಡುತ್ತಿದ್ದ.

ಗೆರೆಗಳು ಮಿಣುಕಿದವು. ಮರುಕ್ಷಣ ಕೆಂಪಾಗಿ ಬೆಳಗಿತು: ಹನ್ನೆರಡೂ ಇಪ್ಪತ್ತೆಂಟು.

ಹೆಂಗಸರ ಸಾಲಿನಿಂದ ನಗೆ ಸಿಡಿಯಿತು. "ಅಲ್ಲಪ್ಪಣ್ಣಾರ, ಹೊತ್ತಿನ ಸೆಲ್ ಕೀಳಾಕ ಮ್ಯಾಲ ಹೋಗಬೇಕಾತ್ರಿ!"

ಅವನು ಕಣ್ಣು ಕೆಂಪಗೆ ಮಾಡಿಕೊಂಡು ಮತ್ತೆ ಪ್ಲಗ್ಗಿಗೆ ಕೈ ಚಾಚಿದ. ಕಾಂಚನ ನಡುವೆ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು.

"ಮುಟ್ಟಬ್ಯಾಡ್ರಿ. ಒಂದಕ್ಕ ನಮ್ಮಪ್ಪ ಗಾಡಿ ಹತ್ತಬೇಕು. ನಿಮ್ಮ ಸಾಹೇಬ್ರು ಇವತ್ತ ತಪ್ಪಿದ್ರ ನಾಳೆ ಇನ್ನೊಂದು ಲಗ್ನಕ್ಕ ಹೋಗ್ತಾರ. ನಮ್ಮಪ್ಪಗ ದೀಪಾನ ಲಗ್ನ ಇದೊಂದ ಐತಿ."

"ಹೆಣ್ಣಿನ ಕಡಿಯವ್ರಿಗೆ ಇಷ್ಟ ಸೊಕ್ಕ? ಲಗ್ನ ನಿಂತೀತು, ನೋಡು!"

ಅಂತರಪಟದ ಆಚೆಯಿಂದ ನಿಲೇಶನ ಧ್ವನಿ ಬಂತು: "ಮಾಮಾ, ಲಗ್ನ ಯಾಕ ನಿಂದರತೈತ್ರಿ? ನಿಂತು ನಿಂತು ನನ್ನ ಕಾಲು ನೋಯಾಕತ್ತಾವ. ಅಯ್ಯಾರ, ಸುರು ಮಾಡ್ರಿ."

ಚೆನ್ನಯ್ಯಸ್ವಾಮಿಗಳು ತಲೆಯೆತ್ತಿದರು. "ನಮ್ಮಜ್ಜ ನೀರಾಗ ಗಳಿಗಿಬಟ್ಟಲ ತೇಲಿಬಿಡ್ತಿದ್ರು. ತೂತಿನಿಂದ ನೀರು ತುಂಬಿ ಅದು ಮುಳುಗಿತಂದ್ರ ಮುಹೂರ್ತ. ಎಂಥಾ ಜಹಗೀರದಾರ ಬಂದ್ರೂ ಆ ಬಟ್ಟಲಕ್ಕ ತಡೀ ಅಂದವ್ರಿಲ್ಲ. ನಾ ಮಾತ್ರ ನಲವತ್ತು ವರ್ಷ ಸತ್ತ ಗಡಿಯಾರ ನೋಡಿ ಹೊತ್ತಾಗಿಲ್ಲ ಅಂತ ಸುಳ್ಳು ಹೇಳೇನಿ. ಇನ್ನ ಸಾಕು." ಎಂದವರೇ ಮಂಗಲಾಷ್ಟಕವನ್ನು ಎತ್ತಿದರು. ಆ ವಯಸ್ಸಿಗೆ ಅಂಥ ಕಂಠವೆಲ್ಲಿತ್ತೋ, ಮಾಡಿನ ತಗಡು ಮರುದನಿಗೊಟ್ಟಿತು.

ಕೊನೆಯ 'ಸಾವಧಾನ' ಮುಗಿಯುತ್ತಿದ್ದಂತೆ ಅಂಕಿ ಹೊರಳಿತು. ಹನ್ನೆರಡೂ ಮೂವತ್ತೊಂದು. ಸುತ್ತಿಗೆ ಏರಿ ಅಜ್ಜನ ಜಾಗಟೆಯ ಮೇಲೆ ಬಿತ್ತು.

ಯಾರ ಕೈಯೂ ಏಳುವ ಮೊದಲು ದಾದಾಸಾಹೇಬ ಎದ್ದಿದ್ದ. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಆ ತೋಳು ಬೀಸಿದ ರೀತಿ ನೋಡಿದರೆ, ಮುಷ್ಟಿಯಲ್ಲಿದ್ದುದು ಅಕ್ಕಿಯೋ ಸವಾಲೋ ಎಂಬಂತಿತ್ತು. ಅಂತರಪಟ ಸರಿಯಿತು, ಮೊದಲ ಕಾಳುಗಳು ದೀಪಾಲಿಯ ನೆತ್ತಿಗೆ ಬಿದ್ದವು. ಅವುಗಳ ಹಿಂದೆಯೇ ಅಕ್ಷತೆಯ ಮಳೆ. ಅಲ್ಲಪ್ಪನೂ, ಇನ್ನೇನು ಮಾಡಿಯಾನು, ಜೇಬಿನಿಂದ ನಾಲ್ಕು ಕಾಳು ತೆಗೆದು ಎರಚಿದ. ಅವುಗಳೊಡನೆ ಗೋಡೆಗಡಿಯಾರದ ಸೆಲ್ಲೂ ಹಾರಿ ವೇದಿಕೆಯ ಮೇಲೆ ಉರುಳಿತು.

ಒಂದಕ್ಕೆ ಐದು ನಿಮಿಷವಿರುವಾಗಲೇ ದಾದಾಸಾಹೇಬ ಗಾಡಿ ಹತ್ತಿದ. ಸಾಹೇಬರ ಗಾಡಿಗಳು ಎರಡೂ ಹತ್ತಕ್ಕೆ ಬಂದವು. ಖಾಲಿ ಕುರ್ಚಿಗಳ ನಡುವೆ ಅವರು ಸುತ್ತಲೂ ನೋಡಿ, "ಮುಹೂರ್ತ?" ಎಂದರು.

"ಮುಹೂರ್ತ ತನ್ನ ಹೊತ್ತಿಗೆ ಬಂದು ಹೋತ್ರಿ," ಎಂದಳು ಕಾಂಚನ. "ಬುಂದಿ ಉಳದೈತಿ. ಬರ್ರಿ, ಊಟಕ್ಕ ಕೂಡ್ರಿ."

ಈ ಕಥೆಯನ್ನು ಕೇಳಿದವರ ಮನೆಯ ಶುಭಕಾರ್ಯಗಳು ಹೊತ್ತು ಮೀರದಿರಲಿ. ಹರಸಬೇಕಾದ ಕೈಗಳು ಹರಸುವ ಗಳಿಗೆಗೆ ಹತ್ತಿರವೇ ಇರಲಿ. ಸುಳ್ಳು ಹೊತ್ತಿನೆದುರು ಗೋಡೆಗೆ ಬೆನ್ನು ಕೊಟ್ಟು ನಿಲ್ಲುವ ಎದೆಗಾರಿಕೆಯನ್ನು ಮಹಾಕಾಲನು ಮನೆಗೊಬ್ಬರಿಗಾದರೂ ದಯಪಾಲಿಸಲಿ. ಎಲ್ಲರಿಗೂ ಮಂಗಳವಾಗಲಿ.